ಕಿಲುಬುಗಣ್ಣು

ಕಿಲುಬಿಗೂ ನಾಲಿಗೆ ಇದೆ ಎಂದು ಗೊತ್ತಾದ ಮೇಲೆ ಮೈಸೂರು ಸೀಮೆಯ ಎಷ್ಟೋ ಮನೆಗಳ ನೆಮ್ಮದಿ ಹಾಳಾಯಿತು.

ಅಲ್ಲಿಯವರೆಗೆ ಕಂಚಿನ ಮೇಲೆ ಹಸಿರು ಕೂತರೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಆಯಿತು, ಅಷ್ಟೇ ಜನಕ್ಕೆ ಗೊತ್ತಿದ್ದದ್ದು. ಆ ಹಸಿರು ಒಂದೊಂದು ಮಳೆಗಾಲಕ್ಕೆ ಒಂದೊಂದು ಪದರವಾಗಿ ಬೆಳೆಯುತ್ತದೆ. ಕಡಲ ಗಾಳಿ ಕುಡಿದ ವರ್ಷ ಅದರಲ್ಲಿ ಉಪ್ಪು ಉಳಿಯುತ್ತದೆ, ಒಲೆಯ ಹೊಗೆ ಕುಡಿದ ವರ್ಷ ಗಂಧಕ ಉಳಿಯುತ್ತದೆ. ಎಷ್ಟು ತಿಕ್ಕಿದರೂ ಲೋಹದ ಸಣ್ಣ ಕುಳಿಗಳಲ್ಲಿ, ಟೊಳ್ಳಿನಲ್ಲಿ ಅದರ ಬೇರು ಹೋಗುವುದಿಲ್ಲ ಎಂಬುದನ್ನು ತೋರಿಸಿಕೊಟ್ಟಿದ್ದು ಹೊಸ ಯಂತ್ರ. ಅದು ಕ್ಷ-ಕಿರಣ ಹಾಯಿಸಿ, ವಸ್ತುವನ್ನು ಮುಟ್ಟದೆಯೇ, ಈರುಳ್ಳಿ ಸುಲಿದ ಹಾಗೆ ಪದರ ಪದರವಾಗಿ ಕಿಲುಬನ್ನು ಪರದೆಯ ಮೇಲೆ ಬಿಡಿಸಿಡುತ್ತಿತ್ತು. ಸರ್ಕಾರಿ ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಜನ ಮಾತ್ರ ಕಿಲುಬುಗಣ್ಣು ಎಂದರು, ಅದೇ ನಿಂತಿತು.

ಮೊದಮೊದಲು ವಸ್ತುಸಂಗ್ರಹಾಲಯದವರು ಬಂದರು. ಆಮೇಲೆ ನ್ಯಾಯಾಲಯದವರು. ಅದಾದ ಮೇಲೆ ತಡೆಯುವವರೇ ಇರಲಿಲ್ಲ. ತವರಿನಿಂದ ತಂದ ಕಂಚಿನ ತಟ್ಟೆ ಎಂದು ಜೀವಮಾನವಿಡೀ ಜಂಬ ಕೊಚ್ಚಿದ ಚಾಮರಾಜನಗರದ ಸೊಸೆಯೊಬ್ಬಳ ತಟ್ಟೆ, ಅವಳು ಹುಟ್ಟುವ ಮೊದಲಿನಿಂದಲೂ ಗಂಡನ ಮನೆಯ ಅಡಿಗೆಕೋಣೆಯ ಹೊಗೆಯನ್ನೇ ಕುಡಿದದ್ದು ಎಂದು ಕಣ್ಣು ಹೇಳಿಬಿಟ್ಟಿತು. ಅತ್ತೆ ಊರೆಲ್ಲ ಹೇಳಿಕೊಂಡು ಬಂದಳು. ತಾತನ ಕಾಲದ ದೀಪ ತನಗೇ ಸೇರಬೇಕೆಂದು ಬಡಿದಾಡುತ್ತಿದ್ದ ಅಣ್ಣತಮ್ಮಂದಿರಿಗೆ ಆ ದೀಪ ತಾತ ಸತ್ತ ಎಷ್ಟೋ ವರ್ಷದ ಮೇಲೆ ಅಂಗಡಿಯಿಂದ ಬಂದದ್ದೆಂದು ತಿಳಿದು ಇಬ್ಬರೂ ಒಂದೇ ಆಟೋದಲ್ಲಿ ತಲೆ ತಗ್ಗಿಸಿಕೊಂಡು ಹೋದರು. ಸುಳ್ಳಿನ ಮೇಲೆ ನಿಂತ ಸಂಸಾರಗಳು ಎಷ್ಟಿವೆ ಎಂಬುದು ಆ ಪ್ರಯೋಗಾಲಯದವರಿಗೆ ಗೊತ್ತಿದ್ದಷ್ಟು ಮದುವೆ ದಲ್ಲಾಳಿಗಳಿಗೂ ಗೊತ್ತಿರಲಿಲ್ಲ.

ಈ ಕಣ್ಣನ್ನು ಕಟ್ಟಿದವಳು ಡಾಕ್ಟರ್ ಅಂಬುಜಾಕ್ಷಿ. ಸನ್ಮಾನ ಸಭೆಗಳಲ್ಲಿ ಅವಳ ಜ್ಞಾನದ ಹಸಿವನ್ನು ಹೊಗಳಿದವರೆಷ್ಟೋ ಮಂದಿ. ಹಸಿವೂ ಇಲ್ಲ, ಗಿಸಿವೂ ಇಲ್ಲ. ಅವಳನ್ನು ಓದಿಸಿದ್ದು, ಮದುವೆ ಗಿದುವೆ ಎನ್ನದೆ ಪ್ರಯೋಗಾಲಯದಲ್ಲಿ ತಲೆ ನೆರೆಸಿದ್ದು ಅಪ್ಪಟ ಹಗೆ.

ಅವಳ ಅಪ್ಪ ವೀರಾಚಾರಿ ನಾಗಮಂಗಲದ ಕಡೆಯ ತೊರೆಸಾಲು ಎಂಬ ಹಳ್ಳಿಯಲ್ಲಿ ಕಂಚು ಎರೆಯುತ್ತಿದ್ದವರು. ಊರ ಚೆನ್ನಿಗರಾಯನ ಉತ್ಸವಮೂರ್ತಿಯ ಕೈ ಮುರಿದಾಗ ಅದನ್ನು ಬೆಸೆದುಕೊಡಲು ಊರವರು ದೇವರನ್ನು ಅವರ ಮನೆಗೆ ತಂದಿಟ್ಟರು. ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ರಿಪೇರಿಗೆ ಬಂದ ದೇವರು ಮನೆಗೆ ಬಂದ ಮಗಳಿದ್ದ ಹಾಗೆ. ಹಿಂದಕ್ಕೆ ಕಳಿಸುವಾಗ ಮನೆಯ ಹೆಂಗಸರು ಹುಣಸೆಹಣ್ಣು, ಬೂದಿ ಹಾಕಿ ಮೀಸಿ, ಫಳಫಳ ಹೊಳೆಯುವ ಹಾಗೆ ಮಾಡಿ, ಮಡಿಲಕ್ಕಿ ಕಟ್ಟಿ ಕಳಿಸಬೇಕು. ಅಂಬುಜಳ ಅವ್ವ ಚಿಕ್ಕತಾಯಮ್ಮ ಭಕ್ತಿಯಿಂದ, ಕೈ ಸೋಲುವ ತನಕ ತಿಕ್ಕಿದಳು. ಎಷ್ಟೋ ತಲೆಮಾರಿನ ಕಿಲುಬು ಬಚ್ಚಲ ನೀರಿನ ಜೊತೆ ಹರಿದುಹೋಯಿತು.

ಅದೇ ವಾರ ದೇವಸ್ಥಾನದ ಸಮಾರಂಭಕ್ಕೆ ವಿಗ್ರಹಶಾಸ್ತ್ರದ ದೊಡ್ಡ ಹೆಸರು, ಪ್ರೊಫೆಸರ್ ಇಂದುಶೇಖರ್ ಅತಿಥಿಯಾಗಿ ಬಂದರು. ಗರ್ಭಗುಡಿಯ ಮುಂದೆ ನಿಂತು ಮೂರ್ತಿಯನ್ನು ನೋಡಿದರು. ಸಂಗ್ರಹಾಲಯಗಳ ಹಸಿರು ಕಂಚನ್ನು ನೋಡಿ ಪಳಗಿದ ಕಣ್ಣು ಅದು. ಊರ ಮುಂದೆ ಅಂದುಬಿಟ್ಟರು: "ಇದು ಹೊಸದು. ನಿಮ್ಮ ಹಳೇ ದೇವರನ್ನ ಯಾರೋ ಬದಲಾಯಿಸಿದ್ದಾರೆ."

ವೀರಾಚಾರಿ ಕೈಮುಗಿದು, "ಅಡೀಲಿ ಒಂದ್ಸಲ ನೋಡಿ ಬುದ್ಧಿ, ಟೊಳ್ಳೊಳ್ಗೆ ಹಳೇ ಅಚ್ಚಿನ ಮಣ್ಣು ಹಂಗೇ ಅದೆ" ಎಂದರು. ದೇವರನ್ನು ಬೋರಲು ಹಾಕುವುದು ಅಪಚಾರವೆಂದು ಪೂಜಾರಿ ಒಪ್ಪಲಿಲ್ಲ. ಪ್ರೊಫೆಸರರು ನಕ್ಕರು. "ಬೇಕಾಗಿಲ್ಲಪ್ಪ, ನನಗೆ ಮೇಲೆ ನೋಡಿದರೆ ಸಾಕು" ಎಂದು ಕಾರು ಹತ್ತಿದರು.

ಅವರಿಗೆ ಅದು ಒಂದು ಮಧ್ಯಾಹ್ನದ ಮಾತು. ಊರವರು ವೀರಾಚಾರಿಯ ಕುಲುಮೆಯನ್ನು ಒಡೆದು ಹಾಕಿದರು. ಚೆನ್ನಿಗರಾಯ ತಾಲ್ಲೂಕು ಕಚೇರಿಯ ಉಗ್ರಾಣ ಸೇರಿದ. ಸಂಸಾರ ಮೈಸೂರಿನ ಅಂಚಿನ ಬಾಡಿಗೆ ಮನೆಗೆ ಬಂದು ಬಿತ್ತು. ಅಂಬುಜ ಕಾಲೇಜಿನಲ್ಲಿದ್ದಾಗ ವೀರಾಚಾರಿ ಎದೆ ಕೆಟ್ಟು ತೀರಿಕೊಂಡರು. ಹೆಣ ಎತ್ತಲು ಊರಿನಿಂದ ಒಬ್ಬನೂ ಬರಲಿಲ್ಲ.

ಯಂತ್ರ ಸಿದ್ಧವಾದ ಮೇಲೆ ಅಂಬುಜ ಮಾಡಿದ ಮೊದಲ ಕೆಲಸ ಉಗ್ರಾಣದಿಂದ ಚೆನ್ನಿಗರಾಯನನ್ನು ತರಿಸಿದ್ದು. ಟೊಳ್ಳಿನ ಒಳಗೆ ಶತಮಾನಗಳ ಮಳೆಗಾಲ ಒಂದರ ಮೇಲೊಂದು ಹಾಗೇ ಮಲಗಿದ್ದವು. ಮೂರ್ತಿ ಹಳೆಯದೇ. ಅಪ್ಪ ಕಳ್ಳನಲ್ಲ. ಅವಳು ವರದಿ ಪ್ರಕಟಿಸಿದಳು.

ಇಂದುಶೇಖರ್ ಈಗ ಮುಪ್ಪಿನಲ್ಲಿದ್ದರೂ ಮಾತಿನ ಮೊನೆ ಸವೆದಿರಲಿಲ್ಲ. ಪತ್ರಿಕೆಯವರ ಮುಂದೆ, "ಯಂತ್ರಕ್ಕೆ ಕಣ್ಣಿರಬಹುದು, ನೋಟ ಇರೋದಿಲ್ಲ. ನನ್ನ ಸಂಗ್ರಹವನ್ನೇ ಒರೆಗಲ್ಲು ಅಂತ ಇಟ್ಟುಕೊಳ್ಳಲಿ. ಅವು ಹಳೆಯವು ಅಂತ ಜಗತ್ತೇ ಒಪ್ಪಿದೆ. ಯಂತ್ರವೂ ಹಾಗೇ ಹೇಳಿದರೆ ಆಮೇಲೆ ಆ ಹಳ್ಳಿ ವಿಗ್ರಹದ ಮಾತಾಡೋಣ" ಎಂದರು. ಅವರ ಸಂಗ್ರಹಕ್ಕೆಂದೇ ನಗರದಲ್ಲಿ ಹೊಸ ಸಂಗ್ರಹಾಲಯ ತೆರೆಯುವುದರಲ್ಲಿತ್ತು. ಉದ್ಘಾಟನೆಯ ದಿನ ಎಲ್ಲರ ಎದುರಿಗೆ ಪರೀಕ್ಷೆ ನಡೆಯಲಿ ಎಂದು ನಿಶ್ಚಯವಾಯಿತು. ಪೂರ್ವಸಿದ್ಧತೆಗೆಂದು ಮೂರ್ತಿಗಳು ಪ್ರಯೋಗಾಲಯಕ್ಕೆ ಮೊದಲೇ ಬಂದವು.

ಮೊದಲು ಒಳಗಿಟ್ಟದ್ದು ವೇಣುಗೋಪಾಲನನ್ನು. ಪ್ರೊಫೆಸರರ ಪ್ರಸಿದ್ಧ ಗ್ರಂಥದ ರಕ್ಷಾಪುಟದ ಮೇಲಿದ್ದವನು ಅವನೇ. ಹೊಯ್ಸಳರ ಕಾಲದವನೆಂದು ಅವರು ಪ್ರಮಾಣ ಮಾಡಿದ್ದ ಮೂರ್ತಿ. ಯಂತ್ರ ನಡೆಸುವ ಜಬೀನ್ ಸೀಸದ ಬಾಗಿಲು ಎಳೆದು, ನಿಯಂತ್ರಣ ಕೊಠಡಿಗೆ ಬಂದು ಕಿರಣ ಬಿಟ್ಟಳು. ಪರದೆಯ ಮೇಲೆ ಮೇಲಿನ ಹಸಿರು ಸುಲಿಯಿತು. ಅದರಡಿಗೆ ಇರಬೇಕಾಗಿದ್ದ ಪದರಗಳು ಇರಲಿಲ್ಲ.

"ಮೇಡಂ, ಫೋಕಸ್ ತಪ್ಪಿದೆಯಾ?" ಎಂದು ಜಬೀನ್ ಮತ್ತೆ ನೋಡಿದಳು.

ತಪ್ಪಿರಲಿಲ್ಲ. ಮಳೆಗಾಲಗಳ ಸಾಲು ಇರಬೇಕಾದ ಕಡೆ ಒಂದೇ ಒಂದು ದಪ್ಪನೆಯ ಮುದ್ದೆ ಇತ್ತು. ಮೇಲಿನಿಂದ ಕೆಳಗಿನವರೆಗೂ ಒಂದೇ ಸಮ ಉಪ್ಪು, ಒಂದೇ ಸಮ ದನದ ಗಂಜಳ. ಎಂಟು ಶತಮಾನದ ಹಸಿರನ್ನು ಯಾರೋ ಒಂದೆರಡು ವರ್ಷದಲ್ಲಿ ಅಡಿಗೆ ಮಾಡಿ ಬಡಿಸಿದ್ದರು.

ಅಂಬುಜಳಿಗೆ ನಗು ಬಂತು. ತಡೆದುಕೊಳ್ಳಲೂ ಇಲ್ಲ, ಕುರ್ಚಿಯಲ್ಲಿ ಒರಗಿ ನಕ್ಕಳು. ಹಳೆಯದನ್ನು ಹೊಸದೆಂದ ಮಹಾನುಭಾವ ಹೊಸದನ್ನು ಹಳೆಯದೆಂದು ತಲೆಯ ಮೇಲೆ ಹೊತ್ತು ಕುಣಿದಿದ್ದ. ಇದಕ್ಕಿಂತ ಹೆಚ್ಚಿನದನ್ನು ಅವಳು ಯಾವ ದೇವರಲ್ಲೂ ಬೇಡಿಕೊಂಡಿರಲಿಲ್ಲ.

"ಇನ್ನೂ ಕೆಳಗಡೆ ಏನೋ ಇದೆ ಮೇಡಂ," ಎಂದಳು ಜಬೀನ್. "ಪೀಠದ ಹಿಂದುಗಡೆ. ಲೋಹದ ಮೇಲೆ ಕೊರೆದು, ಅದರ ಮೇಲೆ ಕಿಲುಬು ಮೆತ್ತಿದ್ದಾರೆ. ಕಣ್ಣಿಗೆ ಕಾಣೋ ಹಾಗಿಲ್ಲ."

ಕೊನೆಯ ಪದರ ಸರಿಯಿತು. ಕಿಲುಬು ತುಂಬಿದ ಗೀರುಗಳು ಕಪ್ಪಗೆ, ಗಟ್ಟಿ ಲೋಹ ಬೆಳ್ಳಗೆ ಬಿಡಿಸಿಕೊಂಡು ಅಕ್ಷರಗಳು ಎದ್ದವು.

'ತೊರೆಸಾಲಿನ ವೀರಾಚಾರಿ ಎರೆದದ್ದು. ಇದು ಹೊಸದು.'

ಸ್ಲೇಟಿನ ಮೇಲೆ ಅಪ್ಪ ಅವಳ ಕೈ ಹಿಡಿದು ತಿದ್ದಿಸಿದ ಬರಹ ಅದು. ಅಂಬುಜಳ ನಗು ಅಲ್ಲೇ ನಿಂತಿತು.

ಆ ಸಂಜೆಯೊಳಗೆ ಉಳಿದವನ್ನೂ ನೋಡಿ ಮುಗಿಸಿದರು. ಸಂಗ್ರಹದಲ್ಲಿ ನಿಜವಾಗಿ ಹಳೆಯವೂ ಇದ್ದವು. ಆದರೆ ಪ್ರೊಫೆಸರರಿಗೆ ಆಮೇಲೆ ಇನ್ನೂ ದೊಡ್ಡ ಕೀರ್ತಿ ತಂದ ಮೂರ್ತಿಗಳು, ಪರದೇಶದವರು ಬಂದು ನೋಡಿ ತಲೆದೂಗಿದವು, ಎಲ್ಲವೂ ಅಪ್ಪನವೇ. ಎಲ್ಲದರ ಬೆನ್ನಿಗೂ ಅದೇ ಬರಹ.

ಮನೆಗೆ ಬಂದಾಗ ಚಿಕ್ಕತಾಯಮ್ಮ ಜಗುಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಮಗಳ ಮುಖ ನೋಡಿ, "ಯಾಕವ್ವ ಮಕ ಇಂಗ್ ಮಾಡ್ಕೊಂಡಿದ್ದೀಯೆ? ಯಂತ್ರ ಕೆಟ್ಟೋಯ್ತಾ?" ಎಂದಳು.

"ಅಪ್ಪನ ಹೆಸರು ಸಿಕ್ತು ಕಣವ್ವ. ಆ ಪ್ರೊಫೆಸರರ ಸಂಗ್ರಹದ ಮೂರ್ತಿಗಳ ಬೆನ್ನ ಮೇಲೆ."

ಚಿಕ್ಕತಾಯಮ್ಮ ಹಿಸುಕುತ್ತಿದ್ದ ಕಾಳನ್ನು ಬಟ್ಟಲಿಗೆ ಹಾಕಿದಳು. ಇನ್ನೊಂದು ಕಾಳು ತೆಗೆದುಕೊಂಡಳು.

"ಕಾಣುಸ್ತಾ? ಸದ್ಯ. ನಾನು ಸಾಯೋದ್ರೊಳ್ಗೆ ಕಾಣುಸ್ತಲ್ಲ."

"ನಿಂಗೆ ಗೊತ್ತಿತ್ತಾ!"

"ಗುಂಡಿ ತೋಡ್ಕೊಟ್ಟೋಳೇ ನಾನು. ಮೈಸೂರ್ಗೆ ಬಂದ್ಮೇಲೆ, ನೀನು ಇಸ್ಕೂಲ್ಗೆ ಹೋದಾಗ, ನಿಮ್ಮಪ್ಪ ಹಿತ್ಲಲ್ಲೇ ಸಣ್ಣ ಕುಲುಮೆ ಹೂಡಿ ಎರೀತಿದ್ರು. ಉಪ್ಪು, ಗಂಜ್ಳ, ತಾಮ್ರದ್ ಪುಡಿ ಕಲಸಿ ಬಳಿದು, ಹಿತ್ಲಲ್ಲಿ ಹೂತು, ದಿನಾ ನೀರು ಚಿಮುಕುಸ್ತಿದ್ದೆ. ಬಾಣ್ತಿ ಆರೈಕೆ ಮಾಡ್ದಂಗೆ ಮಾಡ್ದೆ ಕಣವ್ವ. ದಲ್ಲಾಳಿ ಒಬ್ಬ ಬತ್ತಿದ್ದ. ಬ್ಯಾರೆ ಯಾರ್ಗೂ ಕೊಡಬ್ಯಾಡ, ಆ ಪ್ರೊಫೆಸರ್‍ಗೇ ಮುಟ್ಟುಸ್ಬೇಕು ಅಂತ ನಿಮ್ಮಪ್ಪ ಭಾಷೆ ತಕ್ಕಂಡೇ ಕೊಡೋರು. ಹಳೇದನ್ನ ಹೊಸದು ಅಂದವ್ನೆ, ಹೊಸದನ್ನ ಹಳೇದು ಅನ್ನುಸ್ತೀನಿ ನೋಡ್ತಿರು ಅನ್ನೋರು. ನಿನ್ನ ಓದೂ ಅದ್ರಲ್ಲೇ ಆಗಿದ್ದು."

ಅಂಬುಜ ಜಗುಲಿಯ ಕಂಬಕ್ಕೆ ಒರಗಿ ಕೂತಳು. ಅಪ್ಪನನ್ನು ಕಳ್ಳ ಎಂದವರ ಬಾಯಿ ಮುಚ್ಚಿಸುವುದಕ್ಕೆಂದು ಕಟ್ಟಿದ ಯಂತ್ರ. ಅದಕ್ಕೆ ಅಡಿಪಾಯ ಹಾಕಿದ್ದು ಅಪ್ಪನ ಖೋಟಾ ದೇವರುಗಳು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಅವ್ವ, ಕೇಳು. ಕೊನೇ ಪದರ ತೋರಿಸದೆ ನಿಲ್ಲಿಸಿಬಿಡ್ತೀನಿ. ಇವು ಹೊಸವು ಅಂತ ಗೊತ್ತಾದರೆ ಸಾಕು, ಆ ಮನುಷ್ಯ ಮುಗಿದ. ಚೆನ್ನಿಗರಾಯ ಹಳೇದು ಅಂತ ಎಲ್ಲರೂ ಒಪ್ಪುತಾರೆ. ಅಪ್ಪನ ಹೆಸರು ಚೊಕ್ಕಟ ಆಗುತ್ತೆ. ಬರಹ ತೋರಿಸಿದರೆ ಏನಾಗುತ್ತೆ ಗೊತ್ತಾ? ಆವತ್ತು ಕಳ್ಳ ಅಂದದ್ದು ಸರಿ ಅಂತ ಊರೆಲ್ಲ ಕೈ ತಟ್ಟುತ್ತೆ."

"ಕಳ್ಳ ಅನ್ನೋದು ಆಗ್ಲೇ ಅಂದಾಯ್ತಲ್ಲವ್ವ. ಹೊಸದಾಗಿ ಏನಂತಾರೆ?" ಚಿಕ್ಕತಾಯಮ್ಮ ಕೈ ಒರೆಸಿಕೊಂಡಳು. ದನಿ ಏರಿತು. "ಆ ದೇವ್ರನ್ನ ತಿಕ್ಕಿದ್ದು ಈ ಕೈ. ನಾನು ತಿಕ್ಕದೇ ಇದ್ದಿದ್ರೆ ಅವ್ನು ಹಂಗ್ ಅಂತಿರ್ಲಿಲ್ಲ ಅಂತ ಎಷ್ಟ್ ಅತ್ತಿದ್ದೀನಿ ಗೊತ್ತಾ? ನಿಮ್ಮಪ್ಪ ಒಂದ್ ದಿನಾನೂ ನನ್ನ ಬಯ್ಯಲಿಲ್ಲ. ಮಾತಾಡ್ದೆ ಅಚ್ಚಿನ ಮೇಣ ತಿದ್ದುತಾ ಕೂತ್ರು. ನೀನು ಹೆಸ್ರು ಮುಚ್ಚಿಟ್ರೆ ಆ ಮನುಷ್ಯನ್ನ ಬೀಳ್ಸಿದ್ದು ನಿನ್ನ ಯಂತ್ರ ಆಯ್ತದೆ. ಬೀಳಿಸ್ಬೇಕಾದ್ದು ನಿಮ್ಮಪ್ಪ."

ಅಂಬುಜ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡು ಅವಳೂ ಕಾಳು ಹಿಸುಕತೊಡಗಿದಳು.

ಉದ್ಘಾಟನೆಯ ದಿನ ಸಂಗ್ರಹಾಲಯದ ದೊಡ್ಡ ಹಜಾರ ಕಿಕ್ಕಿರಿದಿತ್ತು. ಪ್ರಯೋಗಾಲಯದ ಕೊಠಡಿಯಿಂದ ಪರದೆಗೆ ನೇರ ಸಂಪರ್ಕ ಕೊಟ್ಟಿದ್ದರು. ಮುಂದಿನ ಸಾಲಿನಲ್ಲಿ ತೊರೆಸಾಲಿನ ಯಜಮಾನರು ಹೊಸ ಪಂಚೆ ಉಟ್ಟು ಬಂದು ಕೂತಿದ್ದರು. ಪ್ರೊಫೆಸರರು ಶಾಲು ಹೊದ್ದು, ಕೋಲೂರಿಕೊಂಡು ಬಂದು, ಅಂಬುಜಳ ಕೈ ಕುಲುಕಿ, "ಚೆನ್ನಾಗಿ ಮಾಡಿದೀರಮ್ಮ ಯಂತ್ರಾನ. ಯಾವೂರು ನಿಮ್ಮದು?" ಎಂದರು. ಕೇಳಿದವರು ಉತ್ತರಕ್ಕೆ ಕಾಯಲಿಲ್ಲ; ಆಗಲೇ ಇನ್ನೊಬ್ಬರ ನಮಸ್ಕಾರಕ್ಕೆ ತಿರುಗಿದ್ದರು.

ಬರಹ ತೋರಿಸಬೇಕೋ ಬೇಡವೋ ಎಂಬ ಅವಳ ಅನುಮಾನ ಆ ಒಂದು ಪ್ರಶ್ನೆಯಿಂದ ಹರಿಯಿತು. ತಾನು ಸರ್ವನಾಶ ಮಾಡಿದ ಸಂಸಾರದ ಊರಿನ ಹೆಸರು ಈ ಮನುಷ್ಯನಿಗೆ ನಿಂತು ಕೇಳಿಸಿಕೊಳ್ಳುವಷ್ಟೂ ದೊಡ್ಡದಾಗಿರಲಿಲ್ಲ.

ಜಬೀನ್ ಕಿರಣ ಬಿಟ್ಟಳು. ವೇಣುಗೋಪಾಲನ ಹಸಿರು ಸುಲಿಯಿತು. ಅಂಬುಜ ಮೈಕು ಹಿಡಿದು, ಪದರಗಳು ಹೇಗಿರಬೇಕು ಎಂಬುದಕ್ಕೆ ಚೆನ್ನಿಗರಾಯನ ಚಿತ್ರವನ್ನೂ, ಹೇಗಿವೆ ಎಂಬುದಕ್ಕೆ ಇದನ್ನೂ ಅಕ್ಕಪಕ್ಕ ಇಟ್ಟು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. ಹಜಾರದಲ್ಲಿ ಗುಜುಗುಜು ಎದ್ದಿತು. ಪ್ರೊಫೆಸರರು ಕೂತಲ್ಲಿಂದಲೇ, "ಯಂತ್ರ ತಪ್ಪು ಅಂತ ಇದರಿಂದಲೇ ಗೊತ್ತಾಯ್ತಲ್ಲ. ಈ ಮೂರ್ತಿಯ ಕೊರಳಿನ ತಿರುವು ನೋಡಿ, ಬೆರಳು ನೋಡಿ. ಈ ಕಾಲದಲ್ಲಿ ಇದನ್ನ ಮಾಡೋ ಕೈ ಎಲ್ಲಿದೆ?" ಎಂದರು.

"ಅದನ್ನೂ ಬರೆದಿದೆ ಸಾರ್," ಎಂದಳು ಅಂಬುಜ. "ಶಾಸನ ಓದೋದರಲ್ಲಿ ನಿಮ್ಮನ್ನ ಮೀರಿಸಿದವರಿಲ್ಲ. ನೀವೇ ಓದಿ."

ಕೊನೆಯ ಪದರ ಸರಿಯಿತು. ಇಂದುಶೇಖರ್ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಹೋದರು. ಅಭ್ಯಾಸಬಲ, ಅಕ್ಷರ ಕಂಡರೆ ಗಟ್ಟಿಯಾಗಿ ಓದುವ ಮನುಷ್ಯ. "ತೊರೆಸಾಲಿನ ವೀರಾಚಾರಿ ಎರೆದದ್ದು" ಎಂದು ಓದಿದರು. ಮುಂದಿನ ಎರಡು ಪದಗಳಿಗೆ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಅವರಿಗಾಗಿ ತೊರೆಸಾಲಿನ ಯಜಮಾನರಲ್ಲೊಬ್ಬ ಓದಿದ.

"ವೀರಾಚಾರಿ ಯಾರು ಅಂತ ಕೇಳ್ತೀರಾ ಸಾರ್? ಅಡಿಯಲ್ಲಿ ನೋಡಿ ಅಂದಿದ್ದರು. ನಿಮಗೆ ಮೇಲೆ ನೋಡಿದರೆ ಸಾಕಾಗಿತ್ತು. ನಾನು ಅವರ ಮಗಳು."

ಆಮೇಲಿನ ಗದ್ದಲದಲ್ಲಿ ಯಾರ ಮಾತು ಯಾರಿಗೂ ಕೇಳಲಿಲ್ಲ. ಊರ ಯಜಮಾನ ಎದ್ದು, "ಹಂಗಾರೆ ವೀರಾಚಾರಿ ಖೋಟಾ ಮಾಡಿದ್ದು ನಿಜವೇ ಆಯ್ತಲ್ಲವ್ವ" ಎಂದ. "ಖೋಟಾ ಮಾಡೋನು ಹೆಸರು ಹಾಕಿ, ಹೊಸದು ಅಂತ ಬರೆದು ಕೊಡ್ತಾನೇನಯ್ಯ?" ಎಂದು ಅಂಬುಜ ಅವನ ಮೇಲೆ ಹಾಯ್ದಳು. ಇಂದುಶೇಖರ್ ಮಾತ್ರ ಪರದೆಯ ಮುಂದೆ ನಿಂತೇ ಇದ್ದರು. ಅವರ ಶಾಲು ಒಂದು ಹೆಗಲಿನಿಂದ ಜಾರಿ ನೆಲಕ್ಕೆ ತಾಗುತ್ತಿತ್ತು. ಅದನ್ನು ಎತ್ತಿ ಹೊದಿಸುವವರು ಯಾರೂ ಮುಂದೆ ಬರಲಿಲ್ಲ. ಅಂಬುಜ ಅದನ್ನು ಕಣ್ತುಂಬ ನೋಡಿದಳು.

ಪತ್ರಿಕೆಗಳು ಒಂದು ತಿಂಗಳು ಹಬ್ಬ ಮಾಡಿದವು. ಪ್ರೊಫೆಸರರ ಗ್ರಂಥಗಳನ್ನು ಪಠ್ಯದಿಂದ ತೆಗೆದರು. ಸಂಗ್ರಹಾಲಯದ ಬಾಗಿಲಿನ ಮೇಲಿನ ಅವರ ಹೆಸರಿಗೆ ಬಟ್ಟೆ ಹೊದಿಸಿದರು. ವೀರಾಚಾರಿಯ ಮೇಲೆ ಪೊಲೀಸರು ಒಂದು ಕೇಸೂ ಹಾಕಿ, ಆಸಾಮಿ ಸತ್ತಿದ್ದಾನೆಂದು ಮುಚ್ಚಿದರು. ಮಹಾಶಿಲ್ಪಿ ಎಂದವರಿದ್ದರು, ಮಹಾಮೋಸಗಾರ ಎಂದವರೂ ಇದ್ದರು. ಅಂತೂ ಆ ಹೆಸರು ಎಲ್ಲರ ಬಾಯಲ್ಲಿತ್ತು. ತೊರೆಸಾಲಿನವರು ಚೆನ್ನಿಗರಾಯನನ್ನು ಮೆರವಣಿಗೆ ಮಾಡಿ ಕರೆದುಕೊಂಡು ಹೋಗಿ, ಹಣ್ಣುಕಾಯಿ ಹಿಡಿದು ಚಿಕ್ಕತಾಯಮ್ಮನ ಮನೆಗೆ ಬಂದರು. ಅವಳು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ, ಒಂದು ಲೋಟ ನೀರೂ ಕೊಡದೆ ಕಳಿಸಿದಳು.

ಕಾರ್ತಿಕದ ಒಂದು ಮಧ್ಯಾಹ್ನ ಇಂದುಶೇಖರ್ ಪ್ರಯೋಗಾಲಯಕ್ಕೆ ಬಂದರು. ಜೊತೆಗೆ ಯಾರೂ ಇರಲಿಲ್ಲ. ಅಂಬುಜ ಕೂರಿ ಎನ್ನಲಿಲ್ಲ, ಅವರೇ ಕೂತರು.

"ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲಮ್ಮ. ಕೇಳೋ ಮುಖ ಇಲ್ಲ," ಎಂದರು. "ಒಂದು ವಿಷಯ ಗೊತ್ತಾಗಬೇಕಾಗಿತ್ತು. ನಮ್ಮ ಮನೆ ದೇವರ ಕೋಣೇಲಿ ಒಂದು ಚಿಕ್ಕ ಪಾರ್ವತಿ ಇದಾಳೆ. ಅದೇ ದಲ್ಲಾಳಿ ತಂದುಕೊಟ್ಟದ್ದು. ಸಂಗ್ರಹಕ್ಕೆ ಅಂತ ಕೊಂಡದ್ದನ್ನ ನನ್ನ ಹೆಂಡತಿ ಬಿಟ್ಟುಕೊಡಲಿಲ್ಲ. ಎಷ್ಟೋ ಶತಮಾನ ಪೂಜೆ ತಗೊಂಡ ತಾಯಿ ಅಂತ, ಸಾಯೋ ದಿನದವರೆಗೂ ಅದರ ಮುಂದೆ ದೀಪ ಹಚ್ಚಿದಳು. ಅವಳು ಹೋದ ಮೇಲೆ ನಾನು ಹಚ್ಚುತಿದ್ದೆ. ಆವತ್ತಿನಿಂದ ಆಗ್ತಾ ಇಲ್ಲ. ಬತ್ತಿ ಹೊಸೀತೀನಿ, ಕೈ ನಿಂತುಹೋಗುತ್ತೆ."

"ತಂದುಕೊಡಿ. ಓದಿ ಹೇಳ್ತೀವಿ."

"ಆಗಲ್ಲಮ್ಮ. ಅದರ ಬೆನ್ನ ಮೇಲೂ ಆ ಬರಹ ಎದ್ದರೆ ನಾನು ತಡೆಯಲಾರೆ. ನಿಮ್ಮ ತಾಯಿಯವರಿಗೆ ಗೊತ್ತಿರಬಹುದು. ನಿಮ್ಮ ತಂದೆ ಪಾರ್ವತಿ ಮಾಡಿದ್ದರಾ, ಇಲ್ಲವಾ. ಕೇಳಿ ಒಂದು ಮಾತು ಹೇಳಿ. ಅಷ್ಟೇ ನಾನು ಬೇಡೋದು."

"ಕೇಳ್ತೀನಿ," ಎಂದಳು ಅಂಬುಜ. ಅವರು ನಂಬರು ಬರೆದುಕೊಟ್ಟು ಹೋದರು.

ಮನೆಯಲ್ಲಿ ಚಿಕ್ಕತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಪಾರ್ವತಿ ಎಂದ ತಕ್ಷಣ ತಲೆ ಅಲ್ಲಾಡಿಸಿದಳು.

"ಇಲ್ಲ ಕಣವ್ವ, ಅದು ನಿಮ್ಮಪ್ಪ ಮಾಡಿದ್ದಲ್ಲ. ಕುಲುಮೇಲಿ ನಮ್ಮ ಕುಲದ ದೇವ್ರು ಕಾಳಮ್ಮ ಕೂತಿರ್ತಾಳೆ, ಅವಳ ಎದುರ್ಗೆ ಹೆಣ್ ದೇವ್ರನ್ನ ಸುಳ್ಳಿಗೆ ಎರ್‍ಯಾಕಿಲ್ಲ ಅಂತ ಆಣೆ ಮಾಡಿದ್ರು. ಒಂದೂ ಎರೀಲಿಲ್ಲ. ಆ ದಲ್ಲಾಳಿ ಬ್ಯಾರೆ ಎಲ್ಲಿಂದಾನೋ ತಂದಿರ್ತಾನೆ. ಅದು ಹಳೇದೇ."

ಅಂಬುಜ ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತಳು.

"ಹೇಳ್ಬುಡವ್ವ ಆ ಮನುಷ್ಯಂಗೆ," ಎಂದಳು ಚಿಕ್ಕತಾಯಮ್ಮ. "ಅವ್ನಿಗಲ್ದಿದ್ರೂ ಆ ತಾಯಿಗೆ. ಕಾರ್ತಿಕ ಮಾಸದಲ್ಲಿ ಕತ್ಲಲ್ಲಿ ಕೂತವ್ಳೆ ಪಾಪ."

"ಸಾರು ಹಾಕು."

"ಅಂಬೂ."

"ಸಾರು ಹಾಕವ್ವ, ಹಸಿವಾಗಿದೆ."

ಚಿಕ್ಕತಾಯಮ್ಮ ಸೌಟು ಹಿಡಿದು ಮಗಳನ್ನೇ ನೋಡುತ್ತ ನಿಂತಳು. ಆಮೇಲೆ ಬಡಿಸಿದಳು. ಅಂಬುಜ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ನಂಬರು ಬರೆದ ಚೀಟಿ ತಟ್ಟೆಯ ಪಕ್ಕದಲ್ಲಿತ್ತು. ಕೈ ತೊಳೆದು ಬಂದವಳು ಅದನ್ನೆತ್ತಿ ಒಲೆಗೆ ಹಾಕಿದಳು.